ಕೊನೀ ಮಾತು

ಗಂಜಿನ ಹಿಂದ, ಝೆರಾಕ್ಸ್ ಅಂಗಡಿ ಮ್ಯಾಲಿನ ಖೋಲಿ.
ಶಹಾಬಾದಿ ಪರಸಿ ಮ್ಯಾಲ ಬರಿಗಾಲಿಟ್ಟು
ನಾನು, ತಹಸೀನ್, ಮೂರು ದಿನದಿಂದ
ಎರಡು ಮಾತಿನ ನಡುವ ಕುಂತೀವಿ.

ಕಡತಗಳ ಹಳೀ ರೂಪ ಕಾಯೋ ಸಣ್ಣ ತಂತ್ರಾಂಶ ನಮ್ಮದು.
ಯಾರು ಯಾವ ಸಾಲು ತಿದ್ದಿದ್ರು, ಯಾವಾಗ, ಯಾಕ,
ಎಲ್ಲಾ ನೆನಪಿಡ್ತದ, ಅತ್ತೀಹಂಗ.
ಎರಡು ಅಡ್ಡಗೆರಿ ಎಳದು
ಮುಂದೊಂದು ಪದ ಬರದರ ಸಾಕು, ಹೇಳಿದ್ದು ಕೇಳ್ತದ.

ಆದರ ಯಾರೋ ಒಬ್ಬರು ಒಂದೇ ಸಾಲಿನಾಗ ಬರದಾರ:
--ಸುಮ್ಮನಿರು --ಎಲ್ಲಾಹೇಳು
ಪಾಪ, ಅದು ಏನು ಮಾಡಬೇಕು?
ತುಟಿ ಹೊಲಕೊಂಡು ಮಾತಾಡಬೇಕೇನು?

"ಹಿಂದಿನದೇ ಗೆಲ್ಲಲಿ, ಕೊನೀಗೆ ಅಂದಿದ್ದು" ಅಂದಳು ತಹಸೀನ್.
ಆ ಮನುಷ್ಯಾ ಹೋದ ವರ್ಷ ಸೆಟ್ಟಿಂಗ್ ಫೈಲಿನಾಗ
'ಸುಮ್ಮನಿರು' ಅಂತ ಒಮ್ಮೆ ಬರದಿಟ್ಟು ಮರತಾನ.
ಇವತ್ತು ರಾತ್ರಿ ಹನ್ನೊಂದಕ್ಕ ಏನೋ ಕೆಟ್ಟದ,
ಎಲ್ಲಾ ಕೇಳಬೇಕಾಗೇದ.
ಹೋದ ವರ್ಷದ ತನ್ನ ಮಾತು ತಾನೇ ಮುರಿಯೋ ಹಕ್ಕು
ಅವಂಗ ಇಲ್ಲೇನು?

ಖರೇನೇ. ಮುಂಜಾನಿ ಲಾಡ್ಲೇಸಾಬನ ಆಟೋದಾಗ ನಾನೂ ಹಂಗೇ ಅಂದಿದ್ದೆ:
"ಎಡಕ್ಕ... ಅಲ್ಲಲ್ಲ, ಬಲಕ್ಕ ತಗೋರಿ ಕಾಕಾ."
ಅಂವ ಬಲಕ್ಕೇ ತಗೊಂಡ, ತಿರುಗಿ ನೋಡಲಿಲ್ಲ.
ನನ್ನ ಮೊದಲಿನ ಮಾತು
ಜಗತ್ ಸರ್ಕಲ್ಲಿನ ಧೂಳಿನಾಗ ಬಿತ್ತು.
ಅದಕ್ಕ ಯಾರೂ ಅಳಲಿಲ್ಲ.

ಬರದ್ವಿ. ಹನ್ನೆರಡು ಸಾಲು. ಪರೀಕ್ಷಾ ಎಲ್ಲಾ ಹಸರು.
ಮಂಡಾಳ ವಗ್ಗರಣಿ ತರಿಸಿ, ಮಿರ್ಚಿ ಕಡದು,
ಮುಗೀತು ಅಂತ ಪೇಪರಿಗೆ ಕೈ ಒರಸುವಾಗ
ಪಟ್ಟಿಯ ತಳದಾಗ ಇನ್ನೊಂದು ಜೋಡಿ ಕಂಡಿತು:

--ಉಳಿಸು
--ಅಳಿಸು

ಬಾಯಿ ತೆರೆದರ ಅ, ತುಟಿ ದುಂಡಗ ಮಾಡಿದರ ಉ.
ಅಷ್ಟೇ ಅಂತರ.
ಹೊರಗ ನಲವತ್ಮೂರು ಡಿಗ್ರಿ, ಬೆರಳಿನ ತುದಿಗೆ ಬೆವರು,
ಯಾರ ಕೈ ಯಾವಾಗ ಜಾರ್ತದೋ.
ಇಲ್ಲೂ ಕೊನೀದೇ ಗೆಲ್ಲಬೇಕೇನು?
ಉಳಿಸು, ಅಳಿಸು ಅಂದರ ಅಳಿಸಿಬಿಡೋದೇನು?
ಅಳಿಸು, ಉಳಿಸು ಅಂದರ ಉಳೀತು, ಸರಿ,
ಆದರ ಅದು ಅವನ ಪುಣ್ಯಾ. ನಮ್ಮ ನ್ಯಾಯ ಅಲ್ಲ.

ತಹಸೀನ್ ಮಾತಾಡಲಿಲ್ಲ.
ಲೋಟದ ತಳದಾಗಿನ ಚಹಾ ಸುಮ್ಮನ ತಿರುವಿದಳು.
ಆಳಂದ, ಚಿಂಚೋಳಿ, ಸೇಡಂ ಅಂತ ಹಳ್ಳಿ ಹಳ್ಳಿ ತಿರುಗಿ
ತೊಗರಿಗೆ ಹೆಣ್ಣುಮಕ್ಕಳು ಇಟ್ಟ ಹೆಸರು ಕೂಡಿಸಿದ್ದಳು ಆಕಿ.
ಹೊಟ್ಟು ಹಾರುವಾಗ ಒಂದು ಹೆಸರು, ಬೇಯುವಾಗ ಒಂದು.
ನಾನೂರಾ ಹದಿನೇಳು.
ಹೋದ ಶ್ರಾವಣದಾಗ ಒಂದು ಎಂಟರ್ ಒತ್ತಿದ್ದಕ್ಕ ಹೋದವು.
ಅವತ್ತೂ ಯಂತ್ರ ಕೊನೀ ಮಾತು ಕೇಳಿತ್ತು.
ಬರೋಬರಿ ಕೇಳಿತ್ತು.

ಸಂಜೀಕ ಇಳದು ಬಂದರ ಸರ್ಕಲ್ಲಿನ ನಡು ಮಧ್ಯ
ಅದೇ ಲಾಡ್ಲೇಸಾಬನ ಆಟೋ ನಿಂತಿತ್ತು, ಎಂಜಿನ್ ಬಂದ್.
ಒಳಗಿನ ಗಂಡ ಎಡಕ್ಕ ಅಂತಾನ, ಹೆಂಡತಿ ಬಲಕ್ಕ ಅಂತಾಳ,
ಹಿಂದ ನಗರ ಬಸ್ಸು, ಲಾರಿ, ಊರಿಗೂರೇ ಹಾರ್ನು.
ಅಂವ ಹ್ಯಾಂಡಲ್ ಮ್ಯಾಲಿನ ಎರಡೂ ಕೈ ತಗದು
ತೊಡಿ ಮ್ಯಾಲ ಇಟ್ಟುಕೊಂಡು ಕುಂತಿದ್ದ.
"ಒಂದು ಬಾಯಿ ಎರಡು ಮಾತಾಡಿದರ ನನಗ ತಿಳೀತದ್ರಿ.
ಎರಡು ಬಾಯಿ ಆದರ ಗಾಡಿ ಹೊಂಡೂದಿಲ್ಲ."

ನಾವು ತಿರುಗಿ ಮೆಟ್ಟಿಲು ಹತ್ತಿದ್ವಿ.
ಕರೆಂಟು ಹೋಗಿತ್ತು. ಬ್ಯಾಟರಿ ಹದಿನಾಲ್ಕು ಉಳಿದಿತ್ತು.
ಸುಮ್ಮನಿರು, ಎಲ್ಲಾಹೇಳು, ಅವು ಹಂಗೇ ಇರಲಿ,
ಅಲ್ಲಿ ಮನುಷ್ಯಾ ಮನಸು ಬದಲಿಸಬಹುದು.
ಈ ಜೋಡಿಗೆ ಮಾತ್ರ ನಾನು ಬರದೆ:

"ಉಳಿಸು, ಅಳಿಸು ಎರಡೂ ಕೂಡಿ ನಡೆಯೂದಿಲ್ಲ.
ಯಾವುದರೆ ಒಂದು ಹೇಳ್ರಿ."

ತಹಸೀನ್ ಲ್ಯಾಪ್‌ಟಾಪ್ ತನ್ನ ಕಡಿ ಎಳಕೊಂಡಳು.
ಕತ್ತಲದಾಗ ಆಕೀ ಮುಖಕ್ಕ ಪರದೆಯ ಬೆಳಕು.
ಕೆಳಗ ಇನ್ನೊಂದು ಸಾಲು ಸೇರಿಸಿ
ನನಗ ಕೇಳದೇ ಒಳಗ ಹಾಕಿದಳು:

"ನಿಮ್ಮದು ಏನೂ ಮುಟ್ಟಿಲ್ಲ."